ವಂಶಾನುಗತ ಪೌರತ್ವ : ಒಂದು ವಿವೇಚನೆ

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿಯ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದ ಸ್ಥಳ, ಮಾತೃಭಾಷೆ ಮುಂತಾದ ಅಂಕಣಗಳ ನಡುವೆ 'ರಾಷ್ಟ್ರೀಯತೆ' ಎಂಬ ಚಿಕ್ಕದೊಂದು ಅಂಕಣವಿದೆ. ಅದರಲ್ಲಿ 'ಭಾರತೀಯ' ಎಂಬ ಒಂದೇ ಪದವನ್ನು ಮೇಲಿನಿಂದ ಕೆಳಗಿನವರೆಗೆ ನಾವು ಬರೆದುಕೊಂಡು ಬಂದಿದ್ದೇವೆ. ಆ ಪದದ ಅರ್ಥವೇನು, ಅದನ್ನು ಬರೆಯಲು ಆಧಾರವೇನು ಎಂದು ಆಲೋಚಿಸುವ ಪ್ರಸಂಗ ನನಗೆ ಬಹುಕಾಲ ಒದಗಿರಲಿಲ್ಲ. ಈಚೆಗೆ ಅಂತಹ ಪ್ರಸಂಗವೊಂದು ಒದಗಿತು.

ಮಳವಳ್ಳಿ ತಾಲ್ಲೂಕಿನ ಹಿರಿಯರೊಬ್ಬರು ತಮ್ಮ ಮೊಮ್ಮಗನ ಕೈಹಿಡಿದುಕೊಂಡು ಶಾಲೆಗೆ ಬಂದರು. ಜೊತೆಯಲ್ಲಿ ಅವರ ಮಗಳು. ನನ್ನ ಬೋಧನಾವೃತ್ತಿಯ ಮೊದಲ ವರ್ಷಗಳಲ್ಲಿ ನನ್ನಲ್ಲಿ ಹಳಗನ್ನಡ ಓದಿದವಳು. ಮದ್ದೂರಿನ ಕಡೆಯ ವರನೊಡನೆ ವಿವಾಹವಾಗಿ, ದಂಪತಿಗಳಿಬ್ಬರೂ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದು, ಈಗ ಮಂಡ್ಯಕ್ಕೆ ಮರಳಿ ನೆಲೆಸಿದ್ದಾರೆ. ಬಾಲಕನು 2016ರಲ್ಲಿ ಅಲ್ಲಿಯೇ ಹುಟ್ಟಿದವನು. ಗುಮಾಸ್ತರು 'ರಾಷ್ಟ್ರೀಯತೆ' ಅಂಕಣಕ್ಕೆ ಬಂದು ಲೇಖನಿಯನ್ನು ನಿಲ್ಲಿಸಿದರು. ತಂದಿದ್ದ ಪಾಸ್‌ಪೋರ್ಟು ಅಮೆರಿಕದ್ದು. ಹಿರಿಯರು ನನ್ನ ಕಡೆ ತಿರುಗಿ, "ಭಾರತೀಯ ಅಂತಲೇ ಬರೆಸಿ ಮೇಷ್ಟ್ರೇ. ನಾನು ಇಲ್ಲಿಯವನು, ಇವಳು ನನ್ನ ಮಗಳು, ಇವನು ಇವಳ ಮಗ. ಮೊಮ್ಮಗ ಪರದೇಶದವನು ಹೇಗಾದಾನು?" ಎಂದರು. "ವಿಚಾರಿಸಿ ಹೇಳುತ್ತೇನೆ ಯಜಮಾನರೇ" ಎಂದು ಅವರನ್ನು ಕಳುಹಿಸಿದೆ.

ನಾನು ನ್ಯಾಯವಾದಿಯಲ್ಲ; ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳುವ ಪಂಡಿತ. ಆದರೂ ಬಲ್ಲವರನ್ನು ಕೇಳಿ, ಅಧಿನಿಯಮದ ಮೂಲವನ್ನು ಓದಿ ತಿಳಿದುಕೊಂಡ ಸಂಗತಿಗಳನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯೋಗವಾಗಲೆಂದು ಈ ಲೇಖನದಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ. ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಈ ಪ್ರಶ್ನೆ ಇಂದು ಒಬ್ಬರ ಮನೆಯದು, ನಾಳೆ ಇನ್ನೊಬ್ಬರ ಮನೆಯದು.

ಪದವಿಚಾರ

ಮೊದಲು ಪದಗಳ ಅರ್ಥವನ್ನು ನೋಡೋಣ. 'ಪುರ' ಶಬ್ದದಿಂದ ತದ್ಧಿತ ಪ್ರತ್ಯಯ ಸೇರಿ 'ಪೌರ' ಎಂದಾಗಿದೆ. ಪುರದಲ್ಲಿ ಇರುವವನು, ಪುರಕ್ಕೆ ಸಂಬಂಧಿಸಿದವನು ಪೌರ. ಅಂತೆಯೇ ನಗರದಿಂದ 'ನಾಗರಿಕ'. ಈ ಎರಡು ಪದಗಳಲ್ಲಿಯೂ ನೆಲವೇ ಪ್ರಧಾನ. ಆದರೆ 'ಪ್ರಜೆ' ಎಂಬ ಪದದ ಹಾದಿಯೇ ಬೇರೆ. 'ಜನ್' ಧಾತುವಿಗೆ 'ಪ್ರ' ಉಪಸರ್ಗ ಸೇರಿ ಆದ ಈ ಪದಕ್ಕೆ ಸಂತಾನ ಎಂಬುದೂ ಅರ್ಥ, ಜನ ಎಂಬುದೂ ಅರ್ಥ. ಅಮರಕೋಶವು ಈ ಎರಡೂ ಅರ್ಥಗಳನ್ನು ಹೇಳುತ್ತದೆ. ಮಕ್ಕಳನ್ನು ಪಡೆಯುವುದಕ್ಕೆ 'ಪ್ರಜೋತ್ಪತ್ತಿ' ಎನ್ನುವುದೂ, ದೇಶದ ಜನರನ್ನು 'ಪ್ರಜೆಗಳು' ಎನ್ನುವುದೂ ಈ ಕಾರಣದಿಂದಲೇ. ಇಲ್ಲಿ ಹುಟ್ಟು ಪ್ರಧಾನ, ವಂಶ ಪ್ರಧಾನ.

ಹೀಗೆ ಒಬ್ಬನು ಒಂದು ದೇಶಕ್ಕೆ ಸೇರಿದವನಾಗುವ ಎರಡು ಮಾರ್ಗಗಳು ನಮ್ಮ ಭಾಷೆಯ ಎರಡು ಪದಗಳಲ್ಲಿಯೇ ಅಡಗಿವೆ. ಹುಟ್ಟಿದ ನೆಲದಿಂದ ಬರುವುದು ಒಂದು. ಹೆತ್ತವರಿಂದ ಬರುವುದು ಇನ್ನೊಂದು. ಜಗತ್ತಿನ ಎಲ್ಲ ದೇಶಗಳ ಪೌರತ್ವದ ಕಾನೂನುಗಳೂ ನೆಲ ಮತ್ತು ಕುಲ ಎಂಬ ಈ ಎರಡು ತತ್ತ್ವಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮಾಡಿದವುಗಳೇ. ಹೆತ್ತವರಿಂದ ಬರುವ ಪೌರತ್ವವನ್ನು ನಾವು 'ವಂಶಾನುಗತ ಪೌರತ್ವ' ಎನ್ನಬಹುದು.

ನೆಲದ ಹಕ್ಕು

ನಮ್ಮ ದೇಶವು ಮೊದಲು ನೆಲದ ತತ್ತ್ವಕ್ಕೆ ಉದಾರವಾದ ಸ್ಥಾನವನ್ನು ಕೊಟ್ಟಿತ್ತು. 1955ರ ಪೌರತ್ವ ಅಧಿನಿಯಮದ 3ನೆಯ ಪ್ರಕರಣದಂತೆ, 1950ರ ಜನವರಿ 26ರಿಂದ 1987ರ ಜುಲೈ 1ರ ಹಿಂದಿನ ದಿನದವರೆಗೆ ಭಾರತದಲ್ಲಿ ಹುಟ್ಟಿದ ಮಗು, ವಿದೇಶೀ ರಾಜತಂತ್ರಜ್ಞರ ಮಕ್ಕಳಂತಹ ಕೆಲವು ಅಪವಾದಗಳನ್ನು ಬಿಟ್ಟರೆ, ಹುಟ್ಟಿದ್ದರಿಂದಲೇ ಭಾರತದ ಪೌರ. ತಂದೆತಾಯಿಗಳು ಯಾರೆಂದು ಕಾನೂನು ಕೇಳುತ್ತಿರಲಿಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದು ಬಿಗಿಯಾಯಿತು.

ಇದಕ್ಕೆ ನಮ್ಮ ನೆರೆಯ ಮೈಸೂರು ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರು 1960ರ ದಶಕದಿಂದ ನೆಲೆಸಿದ್ದಾರೆ. 1950ರಿಂದ 1987ರ ನಡುವಣ ಅವಧಿಯಲ್ಲಿ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರ ಮಕ್ಕಳು ಜನ್ಮತಃ ಭಾರತದ ಪೌರರೇ ಎಂದು 2010ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೂ ತೀರ್ಪು ನೀಡಿದವು. ತಂದೆತಾಯಿಗಳು ನಿರಾಶ್ರಿತರು, ಮಗು ಭಾರತದ ಪೌರ! ಕುಲ ಬೇರೆಯಾದರೂ ನೆಲ ಕೈಹಿಡಿಯಿತು. ನಮ್ಮ ಹಿರಿಯರ ಮೊಮ್ಮಗನದು ಇದಕ್ಕೆ ವಿಪರ್ಯಾಸವಾದ ಸ್ಥಿತಿ: ಕುಲ ಇಲ್ಲಿಯದು, ನೆಲ ಬೇರೆಯದು. ಆದುದರಿಂದ ನಾವು ಈಗ ಕುಲದ ಹಕ್ಕಿನ ಕಡೆಗೆ ಬರಬೇಕು.

ಸಂವಿಧಾನದ ಆರಂಭಕಾಲ

ಸ್ವಾತಂತ್ರ್ಯಪೂರ್ವದಲ್ಲಿ ಮಂಡ್ಯ ಸೀಮೆಯ ನಮ್ಮ ಹಿರಿಯರು ಮೈಸೂರು ಸಂಸ್ಥಾನದ ಪ್ರಜೆಗಳಾಗಿದ್ದರು. ಭಾರತದ ಸಂವಿಧಾನವು 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದರೂ ಪೌರತ್ವವನ್ನು ಕುರಿತ 5ರಿಂದ 9ರವರೆಗಿನ ಅನುಚ್ಛೇದಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದುವು. ಮನೆಯನ್ನು ಪ್ರವೇಶಿಸುವ ಮೊದಲೇ ಮನೆಯವರು ಯಾರೆಂದು ಗೊತ್ತಾಗಬೇಕಷ್ಟೆ!

5ನೆಯ ಅನುಚ್ಛೇದದಂತೆ, ಅಂದು ಭಾರತದಲ್ಲಿ ಶಾಶ್ವತವಾಗಿ ನೆಲೆಸಿದ್ದು, ತಾನು ಇಲ್ಲಿ ಹುಟ್ಟಿದವನು, ಅಥವಾ ತಂದೆತಾಯಿಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿದವರು, ಅಥವಾ ಹಿಂದಿನ ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಇಲ್ಲಿ ವಾಸವಾಗಿದ್ದವನು ಪೌರನಾದನು. 8ನೆಯ ಅನುಚ್ಛೇದವು ಹೊರದೇಶಗಳಲ್ಲಿ ನೆಲೆಸಿದ್ದ ಭಾರತೀಯ ಮೂಲದವರನ್ನು ಕುರಿತದ್ದು. ತಾನಾಗಲಿ, ತಂದೆತಾಯಿಗಳಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ 1935ರ ಭಾರತ ಸರ್ಕಾರ ಅಧಿನಿಯಮವು ಹೇಳುವ 'ಭಾರತ'ದಲ್ಲಿ ಹುಟ್ಟಿದ್ದರೆ, ತಾನಿರುವ ದೇಶದಲ್ಲಿನ ಭಾರತದ ರಾಜತಾಂತ್ರಿಕ ಪ್ರತಿನಿಧಿಯ ಬಳಿ ಹೆಸರನ್ನು ನೋಂದಾಯಿಸಿ ಪೌರನಾಗಬಹುದಿತ್ತು. ಆ 'ಭಾರತ'ದಲ್ಲಿ ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲದೆ ಮೈಸೂರಿನಂತಹ ದೇಶೀಯ ಸಂಸ್ಥಾನಗಳೂ ಸೇರಿದ್ದುವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಜ್ಜನ ಹುಟ್ಟೂರು ಭಾರತದಲ್ಲಿದ್ದರೂ ಮೊಮ್ಮಗನು ನೋಂದಣಿ ಮಾಡಿಸದೆ ಪೌರನಾಗಲಿಲ್ಲ. ವಂಶವು ಅರ್ಹತೆಯನ್ನು ಕೊಟ್ಟಿತು. ಬರಹವು ಹಕ್ಕನ್ನು ಕೊಟ್ಟಿತು. ಮುಂದಿನ ಎಲ್ಲ ವಿಚಾರಕ್ಕೂ ಇದೇ ಸೂತ್ರ.

1955ರ ಅಧಿನಿಯಮ ಮತ್ತು ಅದರ ತಿದ್ದುಪಡಿಗಳು

ಸಂವಿಧಾನವು ಆರಂಭಕಾಲದ ವ್ಯವಸ್ಥೆಯನ್ನು ಮಾತ್ರ ಹೇಳಿ, ಮುಂದಿನದನ್ನು ಸಂಸತ್ತಿಗೆ ಬಿಟ್ಟಿತು. ಅದರಂತೆ ಬಂದುದೇ 1955ರ ಪೌರತ್ವ ಅಧಿನಿಯಮ. ವಂಶಾನುಗತ ಪೌರತ್ವವು ಅದರ 4ನೆಯ ಪ್ರಕರಣದ ವಿಷಯ. ಮಗು ಹುಟ್ಟಿದ ದಿನ ಯಾವುದೋ ಆ ದಿನದ ನಿಯಮವೇ ಆ ಮಗುವಿಗೆ ಅನ್ವಯಿಸುವುದರಿಂದ, ಇದನ್ನು ಮೂರು ಕಾಲಘಟ್ಟಗಳಾಗಿ ತಿಳಿಯುವುದು ಸುಲಭ.

ಮೊದಲನೆಯದು, 1950ರ ಜನವರಿ 26ರಿಂದ 1992ರ ಡಿಸೆಂಬರ್ 10ಕ್ಕೆ ಮುಂಚಿನ ಕಾಲ. ಭಾರತದ ಹೊರಗೆ ಹುಟ್ಟಿದ ಮಗುವಿಗೆ, ಹುಟ್ಟಿದ ಸಮಯದಲ್ಲಿ ತಂದೆಯು ಭಾರತದ ಪೌರನಾಗಿದ್ದರೆ ಪೌರತ್ವ ಬರುತ್ತಿತ್ತು. ತಾಯಿಯ ಪೌರತ್ವ ಇಲ್ಲಿ ಗಣನೆಗೆ ಬರುತ್ತಿರಲಿಲ್ಲ. ಆದರೆ ತಂದೆಯೂ ಹೊರದೇಶದಲ್ಲಿಯೇ ಹುಟ್ಟಿ ಬರಿಯ ವಂಶಾನುಗತ ಪೌರನಾಗಿದ್ದರೆ ಅಷ್ಟು ಸಾಲದು. ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ಅವಧಿ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಪಡೆದು ನೋಂದಾಯಿಸಬೇಕು. ಅಥವಾ ತಂದೆಯು ಆಗ ಭಾರತದ ಸರ್ಕಾರಿ ಸೇವೆಯಲ್ಲಿರಬೇಕು. ಅವಿಭಜಿತ ಭಾರತದ ಹೊರಗೆ ಹುಟ್ಟಿ, ಸಂವಿಧಾನದ ಆರಂಭದಲ್ಲಿ ಪೌರನಾಗಿದ್ದ ಪುರುಷನನ್ನೂ ಈ ಪ್ರಕರಣದ ಮಟ್ಟಿಗೆ ಬರಿಯ ವಂಶಾನುಗತ ಪೌರನೆಂದೇ ಎಣಿಸಲಾಗಿದೆ. ಬರ್ಮಾದಲ್ಲಿಯೋ ಮಲಯದಲ್ಲಿಯೋ ಹುಟ್ಟಿದ್ದ ತಂದೆಗೆ ಹೊರಗೆ ಮಗು ಹುಟ್ಟಿದರೆ ಈ ನಿಯಮ ತಟ್ಟುತ್ತಿತ್ತು.

ಇದರ ಔಚಿತ್ಯ ಸ್ಪಷ್ಟ. ಒಂದು ತಲೆಮಾರು ಹೊರಗೆ ಹುಟ್ಟಿದರೆ ನೆಲದ ನಂಟು ಇನ್ನೂ ಹಸಿಯಾಗಿರುತ್ತದೆ. ಎರಡನೆಯ ತಲೆಮಾರೂ ಹೊರಗೇ ಹುಟ್ಟಿದರೆ, ಆ ನಂಟು ಉಳಿದಿದೆಯೆಂದು ಹೆತ್ತವರು ಬಾಯಿಬಿಟ್ಟು ಹೇಳಬೇಕು ಎಂಬುದು ಕಾನೂನಿನ ಆಶಯ. ನೋಂದಣಿಯೆಂದರೆ ಹಾಗೆ ಹೇಳುವುದೇ.

ಎರಡನೆಯದು, 1992ರ ಡಿಸೆಂಬರ್ 10ರಿಂದ 2004ರ ಡಿಸೆಂಬರ್ 3ಕ್ಕೆ ಮುಂಚಿನ ಕಾಲ. ಇಲ್ಲಿ ಮಹತ್ತ್ವದ ಬದಲಾವಣೆಯಾಯಿತು. ತಂದೆತಾಯಿಗಳಲ್ಲಿ ಯಾರೊಬ್ಬರು ಪೌರರಾಗಿದ್ದರೂ ಮಗುವಿಗೆ ಪೌರತ್ವ ಬರುವಂತಾಯಿತು. ವಿದೇಶೀಯನನ್ನು ವರಿಸಿದ ನಮ್ಮ ಹೆಣ್ಣುಮಗಳಿಗೆ ಹೊರದೇಶದಲ್ಲಿ 1991ರಲ್ಲಿ ಮಗು ಹುಟ್ಟಿದ್ದರೆ ಅದು ತಾಯಿಯ ಹಕ್ಕಿನಿಂದ ಭಾರತದ ಪೌರತ್ವವನ್ನು ಪಡೆಯುತ್ತಿರಲಿಲ್ಲ. 1993ರಲ್ಲಿ ಹುಟ್ಟಿದ್ದರೆ ಪಡೆಯುತ್ತಿತ್ತು. ಒಂಬತ್ತು ತಿಂಗಳು ಹೊತ್ತವಳ ಸಂಬಂಧವನ್ನು ಕಾನೂನು ಒಪ್ಪಿಕೊಳ್ಳಲು ಗಣರಾಜ್ಯವಾಗಿ ನಲವತ್ತೆರಡು ವರ್ಷಗಳು ಹಿಡಿದುವು. ತಂದೆತಾಯಿಗಳಲ್ಲಿ ಒಬ್ಬರು ಬರಿಯ ವಂಶಾನುಗತ ಪೌರರಾಗಿದ್ದರೆ ನೋಂದಣಿ ಬೇಕೆಂಬ ನಿಯಮ ಮಾತ್ರ ಈ ಕಾಲದಲ್ಲಿಯೂ ಮುಂದುವರಿಯಿತು.

ಮೂರನೆಯದು, 2004ರ ಡಿಸೆಂಬರ್ 3ರಿಂದ ಈಚಿನ ಕಾಲ. ಈಗ ಹೆತ್ತವರು ಭಾರತದಲ್ಲಿಯೇ ಹುಟ್ಟಿದ ಪೌರರಾಗಿರಲಿ, ಹೊರಗೆ ಹುಟ್ಟಿದ ಪೌರರಾಗಿರಲಿ, ಭಾರತದ ಹೊರಗೆ ಹುಟ್ಟಿದ ಪ್ರತಿಯೊಂದು ಮಗುವಿನ ಜನನವನ್ನೂ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಲೇಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟು ಇಲ್ಲವೆಂದು ತಂದೆತಾಯಿಗಳು ಬರೆದುಕೊಡಬೇಕು. ಹೀಗೆ ಪೌರನಾದ ಮಗುವು ಹುಟ್ಟಿದ ನೆಲದ ಹಕ್ಕಿನಿಂದ ಆ ದೇಶದ ಪೌರನೂ ಆಗಿದ್ದಲ್ಲಿ, ಪ್ರಾಪ್ತವಯಸ್ಕನಾದ ಆರು ತಿಂಗಳೊಳಗೆ ಆ ಪೌರತ್ವವನ್ನು ತ್ಯಜಿಸಬೇಕು. ತಪ್ಪಿದರೆ ಭಾರತದ ಪೌರತ್ವ ಹೋಗುತ್ತದೆ. ಎರಡು ದೋಣಿಗಳಲ್ಲಿ ಕಾಲಿಟ್ಟು ಹೊಳೆ ದಾಟಲು ಬಾಲ್ಯದಲ್ಲಿ ಮಾತ್ರ ಅನುಮತಿ.

ಒಂದು ಮನೆಯ ಮೂರು ತಲೆಮಾರು

ಈ ನಿಯಮಗಳನ್ನು ನಮ್ಮ ಹಿರಿಯರ ಮನೆಗೆ ಅನ್ವಯಿಸಿ ನೋಡೋಣ. ಅವರು ಮಳವಳ್ಳಿ ತಾಲ್ಲೂಕಿನಲ್ಲಿ 1954ರಲ್ಲಿ ಹುಟ್ಟಿದವರು, ಜನ್ಮತಃ ಪೌರರು. ಯಂತ್ರಕೆಲಸವನ್ನು ಕಲಿತು ಕುವೈತಿಗೆ ಹೋದರು. ಮಗಳು ಅಲ್ಲಿ 1985ರಲ್ಲಿ ಹುಟ್ಟಿದಳು. ಕುವೈತು ಹುಟ್ಟಿದ ಮಾತ್ರಕ್ಕೆ ಪರದೇಶದವರ ಮಕ್ಕಳಿಗೆ ಪೌರತ್ವ ಕೊಡುವ ನೆಲವಲ್ಲ. ಆದರೆ ತಂದೆಯು ಭಾರತದಲ್ಲಿ ಹುಟ್ಟಿದ ಪೌರನಾದ ಕಾರಣ, ಅಂದಿನ ನಿಯಮದಂತೆ ಆಕೆ ಯಾವ ವಿಶೇಷ ನೋಂದಣಿಯೂ ಇಲ್ಲದೆ ಭಾರತದ ವಂಶಾನುಗತ ಪೌರಳಾದಳು. 1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ, ಒಂದು ಲಕ್ಷಕ್ಕೂ ಮಿಗಿಲಾದ ಭಾರತೀಯರನ್ನು ಸರ್ಕಾರವು ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ವಿಮಾನಗಳಲ್ಲಿ ಕರೆತಂದಿತಷ್ಟೆ. ಆ ಸಾಲಿನಲ್ಲಿ ಐದು ವರ್ಷದ ಈ ಹುಡುಗಿಯೂ ಇದ್ದಳು. ತಂದೆಯ ಪಾಸ್‌ಪೋರ್ಟೇ ಅಂದು ಅವಳಿಗೆ ತಾಯ್ನಾಡಿನ ಬಾಗಿಲನ್ನು ತೆರೆಯಿತು. ಪೌರತ್ವವೆಂಬುದು ಸಂಕಟಕಾಲದಲ್ಲಿ ಏನನ್ನು ಮಾಡಬಲ್ಲುದೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಇನ್ನು ಆಕೆಯ ಮಗ. ಅವನು 2016ರಲ್ಲಿ ಅಮೆರಿಕದಲ್ಲಿ ಹುಟ್ಟಿದಾಗ, ಆ ದೇಶದ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೆಯ ತಿದ್ದುಪಡಿಯ ಬಲದಿಂದ ಅಲ್ಲಿಯ ಪೌರನಾದನು. ಹೆತ್ತವರಿಬ್ಬರೂ ಭಾರತದ ಪೌರರಾಗಿಯೇ ಇದ್ದರು; ಇಂದಿಗೂ ಇದ್ದಾರೆ. ಒಂದು ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಿದ್ದರೆ ಮಗುವು ಭಾರತದ ಪೌರನಾಗುತ್ತಿದ್ದನು. ಆದರೆ ಊರಿಗೆ ಬೇಗನೆ ಬಂದು ಅಜ್ಜ ಅಜ್ಜಿಯರಿಗೆ ಮಗುವನ್ನು ತೋರಿಸುವ ಆತುರದಲ್ಲಿ ಮೊದಲು ಕೈಗೆ ಸಿಕ್ಕ ಪಾಸ್‌ಪೋರ್ಟನ್ನು ಮಾಡಿಸಿದರು. ವರ್ಷ ಕಳೆಯಿತು. "ನಾವಿಬ್ಬರೂ ಭಾರತೀಯರು ತಾನೇ, ಮಗು ತಾನಾಗಿ ಭಾರತೀಯನೇ ಅಂದುಕೊಂಡಿದ್ದೆವು ಗುರುಗಳೇ" ಎಂದು ನನ್ನ ಹಳೆಯ ಶಿಷ್ಯೆ ಹೇಳಿದಳು. ಆ 'ತಾನಾಗಿ' ಎಂಬ ಒಂದು ಪದದಲ್ಲಿಯೇ ತೊಡಕಿತ್ತು. ಆಕೆಗೆ ತಾನಾಗಿ ಬಂದುದು ಆಕೆಯ ಮಗನಿಗೆ ತಾನಾಗಿ ಬರಲಿಲ್ಲ. ನಡುವೆ ಕಾನೂನು ಬದಲಾಗಿತ್ತು.

ಗರ್ಭಸ್ಥ ಶಿಶುವಿನ ಪ್ರಶ್ನೆ

ನಮ್ಮ ಜನರು ಪೌರತ್ವವನ್ನು ಪಿತ್ರಾರ್ಜಿತ ಆಸ್ತಿಯಂತೆ ಭಾವಿಸುವುದು ಸಹಜ. ಜಮೀನಿಗೆ ಸಂಬಂಧಿಸಿದಂತೆ ಎಲ್ಲರಿಗೂ ತಿಳಿದ ಮಾತು ಇದು: ತಂದೆಯ ಕಾಲಾನಂತರ ಪೌತಿ ಖಾತೆ ಮಾಡಿಸದಿದ್ದರೆ ಪಹಣಿಯಲ್ಲಿ ಸತ್ತವರ ಹೆಸರೇ ನಿಂತು ಸಾಲಕ್ಕೂ ಪರಿಹಾರಕ್ಕೂ ಅಲೆಯಬೇಕಾಗುತ್ತದೆ, ಆದರೂ ಜಮೀನಿನ ಮೇಲಿನ ಹಕ್ಕು ಮಾತ್ರ ವಾರಸುದಾರನನ್ನು ಬಿಟ್ಟುಹೋಗುವುದಿಲ್ಲ. ಪೌರತ್ವ ಹಾಗಲ್ಲ. 2004ರ ಡಿಸೆಂಬರ್ 3ರಿಂದ ಹೊರಗೆ ಹುಟ್ಟಿದ ಮಗುವಿಗೆ ನೋಂದಣಿಯು ಹಕ್ಕನ್ನು ತೋರಿಸುವ ಕಾಗದ ಮಾತ್ರವಲ್ಲ. ನೋಂದಣಿಯಿಲ್ಲದಿದ್ದರೆ ಹಕ್ಕೇ ಹುಟ್ಟುವುದಿಲ್ಲ.

ಈ ಭೇದವನ್ನು ತೋರಿಸುವ ವ್ಯಾಜ್ಯವೊಂದು 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಭಾರತೀಯ ದಂಪತಿಗಳು 1998ರ ಡಿಸೆಂಬರಿನಲ್ಲಿ ಸಿಂಗಪುರದ ಪೌರತ್ವವನ್ನು ಪಡೆದರು. ಆಗ ತಾಯಿ ಗರ್ಭಿಣಿ. ಮಗನು 1999ರ ಮಾರ್ಚಿನಲ್ಲಿ ಸಿಂಗಪುರದಲ್ಲಿ ಹುಟ್ಟಿದನು. ಅವನು ಪ್ರಾಪ್ತವಯಸ್ಕನಾದ ಮೇಲೆ ತನಗೆ ಭಾರತದ ಪೌರತ್ವ ಬೇಕೆಂದು ಕೇಳಿದನು. ಹೆತ್ತವರು ಭಾರತದ ಪೌರರಾಗಿದ್ದಾಗಲೇ ತಾನು ಗರ್ಭದಲ್ಲಿದ್ದೆನೆಂಬುದೂ, ಅಜ್ಜ ಅಜ್ಜಿಯರು ಭಾರತದಲ್ಲಿ ಹುಟ್ಟಿದವರಾದ ಕಾರಣ ಸಂವಿಧಾನದ 8ನೆಯ ಅನುಚ್ಛೇದವು ತನಗೆ ಅನ್ವಯಿಸುತ್ತದೆಂಬುದೂ ಅವನ ವಾದ. ಮದರಾಸು ಉಚ್ಚ ನ್ಯಾಯಾಲಯವು ಅವನ ಪರವಾಗಿ ಹೇಳಿತ್ತು. ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದ ಕ್ಷಣದಲ್ಲಿ ಹೆತ್ತವರ ಭಾರತೀಯ ಪೌರತ್ವ ಕಾನೂನಿನಿಂದಲೇ ಕೊನೆಗೊಂಡಿತು. ಸಂವಿಧಾನ ಜಾರಿಗೆ ಬಂದ ಎಷ್ಟೋ ವರ್ಷಗಳ ಮೇಲೆ ಹೊರದೇಶದಲ್ಲಿ ಹುಟ್ಟಿದವನು ಅಜ್ಜನ ಹುಟ್ಟೂರನ್ನು ಹಿಡಿದು 8ನೆಯ ಅನುಚ್ಛೇದವನ್ನು ಆಶ್ರಯಿಸುವಂತಿಲ್ಲ ಎಂದಿತು.

ಹಿಂದೂ ಉತ್ತರಾಧಿಕಾರ ಅಧಿನಿಯಮದ 20ನೆಯ ಪ್ರಕರಣದಂತೆ, ಆಸ್ತಿಯವನು ತೀರಿಕೊಂಡಾಗ ಗರ್ಭದಲ್ಲಿದ್ದು ಅನಂತರ ಜೀವಸಹಿತ ಹುಟ್ಟಿದ ಶಿಶುವು ಮೊದಲೇ ಹುಟ್ಟಿದ್ದಂತೆ ಪಾಲನ್ನು ಪಡೆಯುತ್ತದೆ. ಜಮೀನು ಗರ್ಭಸ್ಥ ಶಿಶುವಿಗಾಗಿ ಕಾಯುತ್ತದೆ, ಪೌರತ್ವ ಕಾಯುವುದಿಲ್ಲ. 'ಹುಟ್ಟಿದ ಸಮಯದಲ್ಲಿ' ಎಂಬ ಅಧಿನಿಯಮದ ಪದಗಳಿಗೆ ಎಷ್ಟು ತೂಕವಿದೆಯೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಅರಿಯಬೇಕು. ವ್ಯಾಕರಣದಲ್ಲಿ ಒಂದು ವಿಭಕ್ತಿ ಅರ್ಥವನ್ನು ಬದಲಿಸುವಂತೆ ಕಾನೂನಿನಲ್ಲಿ ಒಂದು ದಿನಾಂಕ ಬಾಳನ್ನು ಬದಲಿಸುತ್ತದೆ.

ಅನ್ಯದೇಶಗಳ ಕ್ರಮ

ಇದು ಭಾರತದ ಕಾಠಿಣ್ಯವೆಂದು ಮಾತ್ರ ತಿಳಿಯಬಾರದು. ನಮ್ಮ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದ ಸರ್ಜನ್ ಜನರಲ್ ಪದವಿಗೆ ಎರಡು ಬಾರಿ ಏರಿದ ಡಾ. ವಿವೇಕ್ ಮೂರ್ತಿಯವರ ಹೆಸರು ಮಂಡ್ಯದವರಿಗೆ ಅಪರಿಚಿತವಲ್ಲ. ಅವರು ಹುಟ್ಟಿದುದು 1977ರಲ್ಲಿ ಇಂಗ್ಲೆಂಡಿನ ಹಡ್ಡರ್ಸ್‌ಫೀಲ್ಡ್ ಪಟ್ಟಣದಲ್ಲಿ, ಶೈಶವ ಕೆನಡಾದಲ್ಲಿ, ಬೆಳೆದುದು ಅಮೆರಿಕದಲ್ಲಿ. ಒಂದು ಹಳ್ಳಿಯ ವಂಶವು ಒಂದೇ ತಲೆಮಾರಿನಲ್ಲಿ ಎಷ್ಟು ದೇಶಗಳ ಕಾನೂನುಗಳ ಎದುರು ನಿಲ್ಲಬೇಕಾಗುತ್ತದೆಂಬುದಕ್ಕೆ ಇದು ನಿದರ್ಶನ.

ಆ ಕಾಲದಲ್ಲಿ ಬ್ರಿಟನ್ನಿನ ನೆಲದಲ್ಲಿ ಹುಟ್ಟುವುದೇ ಸಾಮಾನ್ಯವಾಗಿ ಅಲ್ಲಿಯ ಪೌರತ್ವಕ್ಕೆ ಸಾಕಾಗಿತ್ತು. 1983ರ ಜನವರಿ 1ರಿಂದ, ಹೆತ್ತವರಲ್ಲಿ ಒಬ್ಬರು ಅಲ್ಲಿಯ ಪೌರರೋ ಶಾಶ್ವತವಾಗಿ ನೆಲೆಸಿದವರೋ ಆಗಿರಬೇಕೆಂದಾಯಿತು. ಅಲ್ಲದೆ, ಹೊರಗೆ ಹುಟ್ಟಿ ವಂಶಾನುಗತವಾಗಿ ಬ್ರಿಟಿಷ್ ಪೌರನಾದವನು, ಕೆಲವು ಅಪವಾದಗಳನ್ನು ಬಿಟ್ಟರೆ, ಹೊರಗೇ ಹುಟ್ಟಿದ ತನ್ನ ಮಗುವಿಗೆ ಅದನ್ನು ದಾಟಿಸಲಾರ. ಕೆನಡಾ ದೇಶವು 2009ರಲ್ಲಿ ಇಂತಹುದೇ ಮೊದಲ ತಲೆಮಾರಿನ ಮಿತಿಯನ್ನು ಹಾಕಿತು. ಅದು ಅಲ್ಲಿಯ ಸಂವಿಧಾನಕ್ಕೆ ವಿರುದ್ಧವೆಂದು ಒಂಟಾರಿಯೋದ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಹೇಳಿದ ಮೇಲೆ, 2025ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆ ತಿದ್ದುಪಡಿಯ ಅನಂತರ ಹೊರಗೆ ಹುಟ್ಟುವ ಮಗುವಿಗೆ, ತಾನೂ ಹೊರಗೆ ಹುಟ್ಟಿದ ಕೆನಡಾ ಪೌರರಾದ ತಂದೆ ಅಥವಾ ತಾಯಿ, ಮಗು ಹುಟ್ಟುವ ಮೊದಲು ಒಟ್ಟು 1,095 ದಿನ ಕೆನಡಾದಲ್ಲಿ ಇದ್ದರೆಂದು ತೋರಿಸಿದರೆ ಪೌರತ್ವ ದಾಟಿಬರುತ್ತದೆ.

ತಾತ್ಪರ್ಯವೇನೆಂದರೆ, ಈ ದೇಶಗಳು ವಂಶದ ಹಕ್ಕನ್ನು ಕೊನೆಯಿಲ್ಲದೆ ಹರಿಯಬಿಟ್ಟಿಲ್ಲ. ಒಂದು ದೇಶ ವಾಸದ ದಿನಗಳನ್ನು ಎಣಿಸುತ್ತದೆ. ಒಂದು ದೇಶ ತಲೆಮಾರನ್ನು ಎಣಿಸುತ್ತದೆ. ನಮ್ಮ ದೇಶ ನೋಂದಣಿಯನ್ನು ಕೇಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನಿಂದ ಇಳಿಯುವುದು ನಿಜ. ಆದರೂ ಮದ್ದೂರು, ಮಳವಳ್ಳಿಯ ಕೊನೆಯಂಚಿನ ಗದ್ದೆಗೆ ಅದು ತಲುಪಬೇಕಾದರೆ ಸರದಿಯ ದಿನ ತೂಬಿನ ಬಳಿ ಯಾರಾದರೂ ನಿಂತಿರಬೇಕು. ರೈತನ ಮಕ್ಕಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಸಾಗರೋತ್ತರ ಪೌರ ಕಾರ್ಡು

ಹಾಗಾದರೆ ಅವಧಿ ತಪ್ಪಿದ ಮಗುವಿಗೆ ದಾರಿಯಿಲ್ಲವೇ? ಉಂಟು. 2005ರ ಡಿಸೆಂಬರಿನಿಂದ ಜಾರಿಯಲ್ಲಿರುವ, ಜನರು ಓ.ಸಿ.ಐ. ಕಾರ್ಡು ಎಂದು ಕರೆಯುವ ವ್ಯವಸ್ಥೆ ಒಂದು. ಭಾರತದ ಪೌರರ ಅಪ್ರಾಪ್ತ ಮಕ್ಕಳೂ, ಹಿಂದೆ ಭಾರತದ ಪೌರರಾಗಿದ್ದವರೂ, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೂ ಇದನ್ನು ಪಡೆಯಬಹುದು. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರಾಗಿದ್ದವರಿಗೆ ಇದು ದೊರೆಯದು. ಹಿಂದೆ ಇದ್ದ ಭಾರತೀಯ ಮೂಲದವರ ಕಾರ್ಡನ್ನು 2015ರ ಜನವರಿಯಲ್ಲಿ ಇದರಲ್ಲಿ ವಿಲೀನಗೊಳಿಸಲಾಯಿತು. ಕಾರ್ಡು ಇರುವವರು ಜೀವಮಾನವಿಡೀ ವೀಸಾದ ತೊಡಕಿಲ್ಲದೆ ಬಂದುಹೋಗಬಹುದು, ಇಲ್ಲಿ ವಾಸಿಸಬಹುದು, ಓದಬಹುದು.

ಹೆಸರಿನಲ್ಲಿ 'ಪೌರ' ಎಂಬ ಪದವಿದ್ದರೂ ಇದು ಪೌರತ್ವವಲ್ಲ. ಕಾರ್ಡುದಾರನಿಗೆ ಮತದಾನವಿಲ್ಲ, ಶಾಸನಸಭೆಗೆ ನಿಲ್ಲುವಂತಿಲ್ಲ, ಸರ್ಕಾರಿ ಉದ್ಯೋಗ ಸಾಮಾನ್ಯವಾಗಿ ಇಲ್ಲ. ಕೃಷಿಭೂಮಿಯು ಪಿತ್ರಾರ್ಜಿತವಾಗಿ ಬರಬಹುದಾದರೂ ಹಣಕೊಟ್ಟು ಕೊಳ್ಳುವಂತಿಲ್ಲ. ಅಜ್ಜನ ಗದ್ದೆಯ ಪಕ್ಕದ ಒಂದು ಗುಂಟೆಯನ್ನೂ ಮೊಮ್ಮಗನು ಕೊಳ್ಳಲಾರನು.

ಪೂರ್ಣ ಪೌರತ್ವವೇ ಬೇಕೆಂದಾದರೆ, ಪೌರರ ಅಪ್ರಾಪ್ತ ಮಕ್ಕಳನ್ನು ಪೌರರೆಂದು ನೋಂದಾಯಿಸಲು 5ನೆಯ ಪ್ರಕರಣದಲ್ಲಿ ಅವಕಾಶವಿದೆ. ಅದಕ್ಕೆ ಜಿಲ್ಲಾಧಿಕಾರಿಗಳ ಮೂಲಕ ಅರ್ಜಿ ಹೋಗಿ ಕೇಂದ್ರ ಗೃಹ ಸಚಿವಾಲಯದಲ್ಲಿ ತೀರ್ಮಾನವಾಗಬೇಕು. ಅನ್ಯದೇಶದ ಪೌರತ್ವವನ್ನು ಬಿಡುವ ಪ್ರಶ್ನೆಯೂ ಅಲ್ಲಿ ಎದುರಾಗುತ್ತದೆ. ಮಗುವಿನ ಪರವಾಗಿ ಹೆತ್ತವರು ಮಾಡಬೇಕಾದ ಈ ಆಯ್ಕೆ ಹಗುರವಾದುದಲ್ಲ.

ಕಾಗದಪತ್ರಗಳ ಮಾತು

ವಂಶವನ್ನು ಬಾಯಿಮಾತಿನಿಂದ ಸಿದ್ಧಪಡಿಸಲಾಗದು. ಮಗುವಿನ ಜನನಪತ್ರ, ತಂದೆತಾಯಿಯರ ಪಾಸ್‌ಪೋರ್ಟು, ವಿವಾಹ ನೋಂದಣಿ ಪತ್ರ, ಇವುಗಳಲ್ಲಿ ಹೆಸರುಗಳು ಒಂದಕ್ಕೊಂದು ಹೊಂದಬೇಕು. ನಮ್ಮ ಸೀಮೆಯಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ತಂದೆಯ ಅಕ್ಷರಗಳನ್ನು ಇಡುವ ರೂಢಿಯೇ ಹೊರತು ಮನೆತನದ ಹೆಸರನ್ನು ಬರೆಯುವ ರೂಢಿ ಎಲ್ಲರಲ್ಲಿಲ್ಲ. ಶಾಲೆಯಲ್ಲಿ 'ಶಿವಣ್ಣ', ಪಾಸ್‌ಪೋರ್ಟಿನಲ್ಲಿ 'ಶಿವಣ್ಣ ಮಾದಪ್ಪ', ವಿವಾಹಪತ್ರದಲ್ಲಿ 'ಎಂ. ಶಿವಣ್ಣ' ಎಂದಿದ್ದರೆ ಮೂವರೂ ಒಬ್ಬರೇ ಎಂದು ಪರದೇಶದ ಅಧಿಕಾರಿಗೆ ಹೇಗೆ ತಿಳಿಯಬೇಕು?

ಇದರಲ್ಲಿ ನಮ್ಮ ಉಪಾಧ್ಯಾಯವರ್ಗದ ಹೊಣೆಯೂ ಇದೆ. ಹಿಂದೆ ಹಲವು ಕಡೆ ಮಗುವಿನ ವಯಸ್ಸು ಶಾಲೆಗೆ ಸಾಲದಿದ್ದರೆ ಹುಟ್ಟಿದ ದಿನಾಂಕವನ್ನು ಊಹಿಸಿ ಬರೆಯುವ ಪರಿಪಾಠವಿತ್ತು. ಅಂದು ಉಪಕಾರವೆಂದು ಮಾಡಿದುದು ಮೂವತ್ತು ವರ್ಷಗಳ ಮೇಲೆ ಅಪಕಾರವಾಗುವುದನ್ನು ನಾನು ಕಂಡಿದ್ದೇನೆ. ಜನನ ಮರಣಗಳ ನೋಂದಣಿಗೆ 1969ರ ಅಧಿನಿಯಮವಿದೆ. ಅದರ 2023ರ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ದಾಖಲಾತಿ, ಪಾಸ್‌ಪೋರ್ಟು ಮುಂತಾದವಕ್ಕೆಲ್ಲ ಜನನಪತ್ರವೇ ಹುಟ್ಟಿದ ದಿನ ಮತ್ತು ಸ್ಥಳಗಳಿಗೆ ಪ್ರಮಾಣ. ಇನ್ನು ಊಹೆಗೆ ಎಡೆಯಿಲ್ಲ.

ವಿದ್ಯಾರ್ಥಿಗಳು ಈ ಬೇಸಗೆಯ ರಜೆಯಲ್ಲಿ ಒಂದು ಕೆಲಸವನ್ನು ಮಾಡಬಹುದು. ಅಜ್ಜ ಅಜ್ಜಿಯರಿಂದ ಆರಂಭಿಸಿ ಮನೆಯ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಅದಕ್ಕೆ ಆಧಾರವಾದ ಪತ್ರ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ತಂದೆತಾಯಿಗಳ ಕೈಗೆ ಕೊಡಿರಿ. ಹೊರದೇಶದಲ್ಲಿರುವ ಅಣ್ಣನಿಗೋ ಅಕ್ಕನಿಗೋ ಮಗು ಹುಟ್ಟಿದೆಯೆಂದು ಸುದ್ದಿ ಬಂದರೆ, ಹೆಸರೇನು ಎಂದು ಕೇಳುವಾಗಲೇ ದೂತಾವಾಸದಲ್ಲಿ ನೋಂದಾಯಿಸಿದಿರಾ ಎಂದೂ ಕೇಳಿರಿ. ನಾಮಕರಣಕ್ಕೆ ದಿನ ನೋಡುವ ನಾವು ಇದಕ್ಕೂ ದಿನ ನೋಡಬೇಕು.

ಉಪಸಂಹಾರ

ಹಿರಿಯರು ಒಂದು ವಾರದ ಮೇಲೆ ಮತ್ತೆ ಬಂದರು. ತಿಳಿದುದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ನನ್ನ ಮಗಳನ್ನು ಯುದ್ಧದ ನಡುವಿನಿಂದ ಈ ದೇಶ ಕರೆದುಕೊಂಡು ಬಂತು ಮೇಷ್ಟ್ರೇ. ಇವನಿಗೂ ಆ ಋಣ ಗೊತ್ತಿರಬೇಕು, ಅಷ್ಟೇ ನನ್ನ ಆಸೆ" ಎಂದರು. ಋಣವನ್ನು ತಿಳಿಸುವುದು ಶಾಲೆಯ ಕೆಲಸ, ಅದನ್ನು ನಾವು ಮಾಡುತ್ತೇವೆ. ಆದರೆ ದಾಖಲೆಯಲ್ಲಿ ಇಲ್ಲದುದನ್ನು ಬರೆಯಲಾಗದು, ಶಾಲೆಯ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪೌರತ್ವವೂ ಬಾರದು ಎಂದೆ. ಅವರು ತಲೆದೂಗಿದರು.

ಗುಮಾಸ್ತರು 'ರಾಷ್ಟ್ರೀಯತೆ' ಎಂಬಲ್ಲಿ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆದುಕೊಂಡರು. 'ಮಾತೃಭಾಷೆ' ಎಂಬ ಅಂಕಣಕ್ಕೆ ಬಂದಾಗ ಹುಡುಗನೇ ಮುಂದೆ ಬಂದು "ಕನ್ನಡ" ಎಂದನು. ಅದಕ್ಕೆ ಯಾವ ದೂತಾವಾಸದ ಮುದ್ರೆಯೂ ಬೇಕಾಗಲಿಲ್ಲ. ಹೆತ್ತವರು ಅವನ ಪೌರತ್ವಕ್ಕಾಗಿ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಆ ಅಂಕಣವನ್ನು ವಿಧಿವತ್ತಾಗಿ ತಿದ್ದುವ ದಿನ ಬರಲೆಂದು ನಾವೂ ಹಾರೈಸೋಣ.

ಸಂತಾನ ಎಂಬ ಅರ್ಥದಲ್ಲಿ ಎಲ್ಲರೂ ಹುಟ್ಟಿನಿಂದ ಪ್ರಜೆಗಳು. ದೇಶದ ಪ್ರಜೆ ಎಂಬ ಅರ್ಥದಲ್ಲಿ ಪ್ರಜೆಯಾಗಲು, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಹೆತ್ತವರ ಎಚ್ಚರವೂ ಬೇಕು. ಆ ಎಚ್ಚರವನ್ನು ನಮ್ಮ ಮನೆಮನೆಗಳಲ್ಲಿ ಮೂಡಿಸಲು ಈ ಲೇಖನವು ಅಲ್ಪವಾದರೂ ನೆರವಾದರೆ ನನ್ನ ಶ್ರಮ ಸಾರ್ಥಕ.